ಅಪ್ಪ ಕೇಳಿದ ಫ್ರೈ

ಹಿರಿಯೂರಿನಲ್ಲಿ ನಾನೇ ದುಡಿದು ಕಟ್ಟಿದ ಹೋಟೆಲಿನ ಬಾಣಲೆಯಲ್ಲಿ ಕುರಿಯ ಲಿವರ್, ಅದೇ ಕಲೀಜ, ಚುರುಗುಟ್ಟಿದರೆ ಸಾಕು, ಈಗಲೂ ಆ ಮಧ್ಯಾಹ್ನದ ಹೊಗೆ ಮೂಗಿಗೆ ಅಡರುತ್ತದೆ.

ಕಲ್ಲಿದ್ದಲಿನ ರೈಲು ಓಡುತ್ತಿದ್ದ ಕಾಲ. ಅಪ್ಪ ಚಿಕ್ಕಜಾಜೂರಿನ ರೈಲ್ವೆ ಬಂಗಲೆಯಲ್ಲಿ ಸಾಹೇಬರಿಗೆ ನೀರು ಹೊರುತ್ತಿದ್ದ. ಅವತ್ತು ಎಲೆಯಲ್ಲಿ ಕಲೀಜ ತಂದು ಅವ್ವನ ಮುಂದಿಟ್ಟು, "ಫ್ರೈ ಮಾಡು" ಅಂದ. ನಮ್ಮದು ಕುರಿ ಕಾಯುವ ಮನೆತನ. ಕಲೀಜವನ್ನು ಕಡ್ಡಿಗೆ ಚುಚ್ಚಿ, ಕೆಂಡದಲ್ಲಿ ಸುಟ್ಟು, ಉಪ್ಪು ಸವರಿ ಮೊದಲು ಮಕ್ಕಳಿಗೆ ಕೊಡುವುದು ರೂಢಿ. ಅವ್ವ ಹಾಗೇ ಸುಟ್ಟಳು. ಬೂದಿ ಕೊಡವಿ ಮೊದಲ ತುಂಡನ್ನು ನನ್ನ ಕೈಗಿಟ್ಟಳು.

ಅಪ್ಪ ನನ್ನ ಕೈಗೆ ಹೊಡೆದು ತುಂಡು ಬೀಳಿಸಿದ. "ಇದೇನೇ ಫ್ರೈ ಅಂದ್ರೆ, ಕಾಡು ಮುಂಡೇದೆ" ಎಂದು ಒಲೆಯಿಂದ ಉರಿಯುವ ಸೌದೆ ಎಳೆದು ಅವ್ವನ ಬೆನ್ನಿಗೆ ಬಾರಿಸಿದ. ಸೀರೆಗೆ ಕಿಡಿ ಹಾರಿತು. ಅವ್ವ ಸೆರಗು ಉಜ್ಜಿಕೊಳ್ಳುತ್ತ, "ಹೆಂಗ್ ಮಾಡ್ತಾರೆ ಹೇಳ್ರಿ, ಹಂಗೇ ಮಾಡ್ತೀನಿ" ಅಂದಳು. ಮತ್ತೊಂದು ಏಟು ಬಿತ್ತು.

ನಾನು ಅಪ್ಪನ ತೋಳು ಕಚ್ಚಿದೆ. ಬಾಯಿಗೆ ರಕ್ತದ ರುಚಿ ಬಂದರೂ ಬಿಡಲಿಲ್ಲ. ಅವನು ನನ್ನನ್ನು ಗೋಡೆಗೆ ಎಸೆದ.

ಅಷ್ಟರಲ್ಲಿ ಅಜ್ಜಿ, ಅಪ್ಪನ ತಾಯಿ, ಬಾಣಲೆ ತಂದು ಅವನ ಕಾಲಬಳಿ ಕುಕ್ಕಿದಳು. "ಅವಳ್ನ ಯಾಕ್ಲೇ ಬಡೀತೀಯ? ಸಾಯೇಬ್ರ ಮನ್ಯಾಗೆ ದಿನಾ ನೋಡ್ತೀಯಲ್ಲ, ನೀನೇ ಮಾಡಿ ತೋರ್ಸು."

ಅಪ್ಪ ಬಾಣಲೆಯನ್ನೇ ನೋಡುತ್ತ ನಿಂತ. ಸೌದೆಯ ಬೆಂಕಿ ಅವನ ಕೈಯಲ್ಲೇ ಆರಿತು.

"ಅಡುಗೆಮನೆ ಬಾಗ್ಲು ದಾಟಾಕೆ ನನ್ನ ಬಿಡಲ್ಲ ಕಣವ್ವ" ಅಂದ. "ಹೊರಗಡೆ ವಾಸ್ನೆ ಬರ್ತೈತೆ, ಅಷ್ಟೇ."