ಬಾಚಣಿಗೆ

"ಇದು ಯಾರದ್ದು?" ಇನ್ಸ್‌ಪೆಕ್ಟರು ಎರಡನೇ ಸಲ ಕೇಳಿದರು. ಬೈಹುಲ್ಲಿನ ಅಡಿಯಿಂದ ತೆಗೆದು ಅಂಗಳದಲ್ಲಿಟ್ಟ ಮಡಕೆಯಲ್ಲಿ ಗೇರುಹಣ್ಣಿನ ರಸ ಹುಳಿಬಂದು ನೊರೆಯೆದ್ದಿತ್ತು. ಪಾನನಿರೋಧ ಬಂದ ಮೇಲೆ ಪುತ್ತಿಗೆಯ ಆ ಮನೆಯಲ್ಲಿ ಕದ್ದು ಸಾರಾಯಿ ಕಾಯಿಸುತ್ತಿದ್ದವನು ವಾಸಪ್ಪ. ಅವನೀಗ ಬಾವಿಕಟ್ಟೆಯನ್ನು ನೋಡುತ್ತಾ ನಿಂತಿದ್ದ. ಅವನ ತಾಯಿ ಮಾತ್ರ ಸೊಸೆ ಅಮ್ಮಣಿಯನ್ನೇ ನೋಡುತ್ತಿದ್ದರು.

ಹೋದ ವರ್ಷ ಪೊಲೀಸರು ಬಂದಾಗಲೂ ಅತ್ತೆ ಹೀಗೇ ನೋಡಿದ್ದರು. "ನೀನೇ ಒಪ್ಪಿಕೋ ಮಗಾ. ಹೆಂಗಸರಿಗೆ ಶಿಕ್ಷೆ ಕಡಿಮೆಯಂತೆ. ಅವ ಹೋದರೆ ಗದ್ದೆ ಉಳುವುದು ಯಾರು?" ಎಂದಿದ್ದರು. ಅಮ್ಮಣಿ ಒಪ್ಪಿಕೊಂಡು ಮೂರು ತಿಂಗಳು ಜೈಲಿನಲ್ಲಿದ್ದು ಬಂದಳು. ಬಂದ ಮೇಲೆ ಊರಿನ ಒಬ್ಬರೂ ಅವಳನ್ನು ಗದ್ದೆಯಲ್ಲಿ ನೇಜಿ ನೆಡಲಿಕ್ಕೆ ಕರೆಯಲಿಲ್ಲ. ವಾಸಪ್ಪನೋ, ಗೇರು ಹಣ್ಣಾದದ್ದೇ ತಡ, ಮತ್ತೆ ಮಡಕೆ ಇಟ್ಟ. ಇನ್ನೊಮ್ಮೆ ಪೊಲೀಸರು ಬಂದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುವುದೆಂದು ಅಮ್ಮಣಿ ಅಂದೇ ಗಟ್ಟಿಮಾಡಿದ್ದಳು. ಈಗ ಇನ್ಸ್‌ಪೆಕ್ಟರ ಕಡೆ ತಿರುಗಿ ಬಾಯಿ ತೆರೆದಳು.

ಅಷ್ಟರಲ್ಲಿ ಎಂಟು ವರ್ಷದ ಮಗಳು ಲೋಲಾಕ್ಷಿ ಒಳಗಿಂದ ಓಡಿಬಂದಳು. ಅವಳ ಕೈಯಲ್ಲೊಂದು ಬಟ್ಟೆಯ ಗಂಟು. ಯಾವತ್ತೋ ಕಟ್ಟಿಟ್ಟದ್ದಿರಬೇಕು, ಮೇಲೆ ಅಟ್ಟದ ಮಸಿ ಕೂತಿತ್ತು. ಮಗು ಅದನ್ನು ತಾಯಿಯ ಕೈಗಿಟ್ಟು ಮೆಲ್ಲನೆ ಹೇಳಿತು:

"ಹೋದ ಸಲ ನೀನು ಬಾಚಣಿಗೆ ಮರೆತು ಹೋಗಿದ್ದೆ ಅಲ್ವಾ ಅಮ್ಮ? ತಲೆಯೆಲ್ಲ ಜಡೆಗಟ್ಟಿತ್ತು. ಈ ಸಲ ನಾನು ಮೊದಲೇ ಹಾಕಿಟ್ಟಿದ್ದೇನೆ."

ಅಮ್ಮಣಿಯ ಬಾಯಿ ಮುಚ್ಚಿತು. ಗಂಟನ್ನು ನೋಡಿದ ಇನ್ಸ್‌ಪೆಕ್ಟರು ಮೂರನೇ ಸಲ ಕೇಳಲಿಲ್ಲ; ಅವಳ ಹೆಸರನ್ನೇ ಬರೆದುಕೊಂಡರು.