ಮಿಂಚುಳ್ಳಿಯ ಮನೆಯಿಂದ ಕರೆ

ಫೋನಿನ ಆಚೆ ತುದಿಯಲ್ಲಿ ಏನೋ ಗೋಡೆಗೆ ಬಡಿದು ಚೂರಾಯಿತು. ಅದರ ಬೆನ್ನಿಗೇ ಗಂಡಸಿನ ಕೂಗು.

“ಮುಟ್ಬೇಡ! ಅದನ್ನ ಮುಟ್ಬೇಡ ಅಂದೆ!”

ಆಮೇಲೆ ಹೆಂಗಸಿನ ದನಿ, ಬಿಕ್ಕುತ್ತ: “ತಮ್ಮಾ, ಕಂಪ್ಯೂಟರಿನೋರಾ? ಇದು ಮಿಂಚುಳ್ಳಿ ಮನೆ. ಹೊಸ ಯಂತ್ರದಲ್ಲಿ ವಿಪಿಎನ್ ಬರ್ತಿಲ್ಲ. ಬೇಗ ಹಾಕ್ಕೊಡಪ್ಪಾ.”

ಗೀಜಗ ನೆಟ್ಟಗೆ ಕೂತ.

ಗೀಜಗ ಎಂಬುದು ಅವನ ಹುಟ್ಟುಹೆಸರಲ್ಲ. ಮನೆಯವರ ಏಟು ತಾಳಲಾರದೆ ಓಡಿಬಂದ ಹೆಂಗಸರನ್ನು ಗುಟ್ಟಾದ ಮನೆಗಳಲ್ಲಿ ಇರಿಸಿ ಕಾಯುವ ಸಂಸ್ಥೆ ಅವರದು. ಕೆಲಸಗಾರರು ತಂತಮ್ಮ ಮನೆಯಿಂದಲೇ ದುಡಿಯುವವರು. ಒಬ್ಬರ ಮುಖ ಒಬ್ಬರು ಕಂಡವರಲ್ಲ, ದನಿಯನ್ನೂ ಕೇಳಿದವರಲ್ಲ. ಎಲ್ಲರಿಗೂ ಹಕ್ಕಿಯ ಹೆಸರು. ಒಬ್ಬರು ಸಿಕ್ಕಿಬಿದ್ದರೂ ಇನ್ನೊಬ್ಬರ ಸುಳಿವು ಸಿಗಬಾರದೆಂಬ ಏರ್ಪಾಡು. ಗುಟ್ಟಿನ ಮನೆಗಳ ವಿಳಾಸ ಕಾಯುವುದು ಮಿಂಚುಳ್ಳಿಯ ಕೆಲಸ. ಕೆಲಸಗಾರರ ಮನೆಗೂ ಸಂಸ್ಥೆಗೂ ನಡುವೆ ಯಾರ ಕಣ್ಣಿಗೂ ಬೀಳದ ದಾರಿ ಹೆಣೆಯುವುದು ಗೀಜಗನದು. ಆ ದಾರಿಯೇ ವಿಪಿಎನ್. ಈ ವಾರ ಎಲ್ಲರಿಗೂ ಲಿನಕ್ಸ್ ತಂತ್ರಾಂಶ ಹಾಕಿದ ಹೊಸ ಯಂತ್ರ, ಮೇಲೆ ಗೀಜಗನ ನಂಬರಿನ ಚೀಟಿ ಅಂಟಿಸಿ, ಹೋಗಿತ್ತು.

ಸೇರಿದ ದಿನವೇ ಸಂಸ್ಥೆಯ ಹಿರಿಯಾಕೆ ಅವನಿಗೆ ಒಂದು ಮಾತು ಹೇಳಿದ್ದರು. ಅಳುತ್ತ ಬಂದ ಹೆಂಗಸಿನ ಹತ್ತಿರ ಸಾಕ್ಷಿ ಕೇಳಬೇಡ. ಗೀಜಗ ಅದನ್ನು ಜಪದಂತೆ ಉಳಿಸಿಕೊಂಡಿದ್ದ.

“ಅಕ್ಕಾ, ಹೊಡೀತಿದಾನಾ?”

“ಕೈಯೆಲ್ಲ ರಕ್ತ ತಮ್ಮಾ. ನಾನು ಈ ಯಂತ್ರದ ಮುಂದೆ ಕೂತ್ರೆ ಇವನಿಗೆ ಮೈಯೆಲ್ಲ ಉರಿ.”

“ಮೊದಲು ಅಲ್ಲಿಂದ ಓಡಿ!”

“ಓಡೋದೇ ಸೈ. ಎಲ್ಲಿಗೆ ಅಂತ ಓಡ್ಲಿ? ಮನೆ ವಿಳಾಸ ಎಲ್ಲ ಒಳಗಿದೆಯಲ್ಲಪ್ಪಾ.”

ಊರ ಹೆಣ್ಣುಮಕ್ಕಳನ್ನೆಲ್ಲ ಬಚ್ಚಿಟ್ಟವಳಿಗೆ ಈಗ ತಾನೇ ಬಚ್ಚಿಟ್ಟುಕೊಳ್ಳುವ ಹೊತ್ತು. ವಿಳಾಸ ಅವನಿಗೂ ಗೊತ್ತಿಲ್ಲ. ಅವನು ಮಾಡಬಹುದಾದದ್ದು ದಾರಿ ತೆರೆಯುವುದೊಂದೇ. ಎಡಗೈಯಲ್ಲಿ ಹಿರಿಯಾಕೆಗೆ ಸಂದೇಶ ಒತ್ತಿದ: ಮಿಂಚುಳ್ಳಿ ಮನೆಯಲ್ಲಿ ಹೊಡೆದಾಟ, ಪೊಲೀಸರನ್ನು ಕಳಿಸಿ.

“ಮೇಲೆ ಬಲಮೂಲೆ ಒತ್ತಿ. ಸೆಟ್ಟಿಂಗ್ಸ್. ನೆಟ್‌ವರ್ಕ್. ವಿಪಿಎನ್ ಪಕ್ಕ ಪ್ಲಸ್ ಗುರುತಿದೆ ನೋಡಿ. ಯಂತ್ರದಲ್ಲೇ ಒಂದು ಫೈಲು ಹಾಕಿಟ್ಟಿದೀನಿ, ಅದನ್ನ ಆರಿಸಿ.”

“ಏನೋ ಪ್ಲಗಿನ್ ಇಲ್ಲ ಅಂತಿದೆ.”

“ಟರ್ಮಿನಲ್ ತೆಗೀರಿ. ಕಪ್ಪು ಕಿಟಕಿ. ನಾನು ಹೇಳಿದ ಹಾಗೇ ಒತ್ತಿ.”

ಅಕ್ಷರ ಅಕ್ಷರ ಬಿಡಿಸಿ ಹೇಳಿದ. ಹಿಂದೆ ಗಂಡಸು ಬೈಯುತ್ತಲೇ ಇದ್ದ. ದನಿ ಹತ್ತಿರ ಬರಲೂ ಇಲ್ಲ, ದೂರ ಹೋಗಲೂ ಇಲ್ಲ.

“ಕೈಕಾಲು ಆಡದಿದ್ರೂ ಬಾಯಿಗೇನು ಕಮ್ಮಿ ಇಲ್ಲ ನೋಡು ಇವನಿಗೆ,” ಎಂದಳು.

“ಕುಡಿದಿದಾನಾ?”

“ಪಾಸ್‌ವರ್ಡ್ ಕೇಳ್ತಿದೆ ತಮ್ಮಾ.”

“ಯಂತ್ರದ್ದು. ನಿಮ್ಮದೇ ಅಕ್ಕಾ. ಒತ್ತುವಾಗ ಏನೂ ಕಾಣ್ಸಲ್ಲ, ಗಾಬರಿ ಬೇಡ.”

ಛಟೀರನೆ ಒಂದು ಏಟು. ಮೇಲೊಂದು, ಮೂಳೆಗೇ ಬಿದ್ದಂತೆ. ಗೀಜಗ ಕಣ್ಣುಮುಚ್ಚಿ ದೇವರನ್ನು ನೆನೆದ. ಅವಳು ಅಯ್ಯೋ ಅನ್ನಲಿಲ್ಲ. ಎಂಥ ಗುಂಡಿಗೆ!

ಗುಸುಗುಸು ಮಾತು. ಆಮೇಲೆ ಅವಳೆಂದಳು: “ಸಿಕ್ತು.”

ಪ್ಲಗಿನ್ ಇಳಿಯಿತು. ಫೈಲು ಕೂತಿತು. ಇನ್ನು ಕೊನೆಯ ಬಾಗಿಲೊಂದೇ.

“ಸ್ವಿಚ್ ಆನ್ ಮಾಡಿ. ಈಗ ನಿಮ್ಮ ಫೋನಿಗೆ ಒಂದು ಕೋಡು ಬರತ್ತೆ.”

“ಆ ಫೋನನ್ನೇ ಗೋಡೆಗೆ ಬಡಿದು ಪುಡಿ ಮಾಡಿದಾನೆ. ಇದು ಬೇರೆ ಫೋನು. ಆಗ್ಲೇ ಕೇಳ್ಲಿಲ್ವಾ ಸದ್ದು?”

ಕೇಳಿತ್ತು. ಕೋಡಿಲ್ಲದೆ ಯಾರನ್ನೂ ಒಳಗೆ ಬಿಡುವಂತಿಲ್ಲ. ಆ ಬಿಗಿ ಸಡಿಲಿಸುವ ಗುಂಡಿ ಇರುವುದು ಗೀಜಗನ ಯಂತ್ರದಲ್ಲಿ ಮಾತ್ರ. ಅದನ್ನು ಅವನು ಇದುವರೆಗೆ ಒತ್ತಿದವನಲ್ಲ. ಬೆರಳು ತಡೆಯಿತು.

ಗಂಡಸು ಗಂಟಲು ಹರಿಯುವಂತೆ ಕಿರುಚಿದ: “ಬಿಡ್ಬೇಡ್ರೀ! ಅವಳ ಮಾತು ಕೇಳ್ಬೇಡ್ರೀ! ಅವಳು—”

ಇರುವೆ ಕಂಡರೆ ಕಾಲು ಎತ್ತಿಡುವ ಗೀಜಗನ ಮೈಯಲ್ಲಿ ಅದುವರೆಗೆ ಅವನೇ ಅರಿಯದ ಬೆಂಕಿ ಹೊತ್ತಿತು.

“ಅಕ್ಕಾ, ಕೈಗೇನು ಸಿಗುತ್ತೋ ತಗೊಂಡು ಹಾಕಿ ಅವನ ಬಾಯಿಗೆ!”

“ಹಾಕ್ಲಾ?”

“ಹಾಕಿ! ಪಾಪ ಬಂದ್ರೆ ನನಗಿರ್ಲಿ.”

ಧಪ್ಪೆಂದಿತು. ಮತ್ತೆ. ಮತ್ತೆ. ತೇವದ ಸದ್ದು. ಕೊನೆಗೆ ಮುಲುಗು, ಅದೂ ಅಡಗಿತು.

ಗೀಜಗ ಗುಂಡಿ ಒತ್ತಿದ. ಪರದೆಯಲ್ಲಿ ಮಿಂಚುಳ್ಳಿಯ ಪಕ್ಕ ಹಸಿರು ಚುಕ್ಕೆ ಮೂಡಿತು.

“ಬಂತು ತಮ್ಮಾ,” ಎಂದಳು. ಕೀಲಿಮಣೆ ಟಕಟಕ ಅಂದಿತು. ಉಸಿರೆಳೆದುಕೊಂಡ ಸದ್ದು. “ಇಷ್ಟು ಹತ್ರಾನೇ ಇತ್ತಾ ಈ ಮನೆ! ನಿನ್ನ ಹೊಟ್ಟೆ ತಣ್ಣಗಿರ್ಲಿ ಕಣಪ್ಪಾ.”

ಕರೆ ಕಟ್ಟಾಯಿತು. ಗೀಜಗ ಕೈಮುಗಿದು ಕೂತ. ಯಾರದೋ ಜೀವ ಉಳಿಸಲು ದೇವರು ತನ್ನ ಬೆರಳನ್ನು ಬಳಸಿಕೊಂಡ ಎನಿಸಿ ಕಣ್ಣು ತುಂಬಿತು.

ಅರ್ಧ ಗಂಟೆಯಲ್ಲಿ, ಹಿರಿಯಾಕೆ ಕಳಿಸಿದ್ದ ಇನ್ಸ್‌ಪೆಕ್ಟರರ ಫೋನು ಬಂತು.

“ಬಾಗಿಲು ಹಾರುಹೊಡೆದಿತ್ತು ಕಣ್ರೀ. ಹೆಂಗಸು ಪರಾರಿ.”

“ಪಾರಾದ್ರಲ್ಲ, ಸದ್ಯ! ಆ ಗಂಡನ್ನ ಹಿಡಿದ್ರಾ ಸಾರ್?”

“ಯಾವ ಗಂಡ? ಇಲ್ಲಿ ಕುರ್ಚಿಗೆ ಬಿಗಿದು ಕೂರ್ಸಿರೋ ಮನುಷ್ಯನೇ ನಿಮ್ಮ ಮಿಂಚುಳ್ಳಿ. ಮದುವೇನೇ ಆಗಿಲ್ವಂತೆ. ಹಲ್ಲೆಲ್ಲ ಉದುರಿದೆ, ಜೀವ ಒಂದಿದೆ. ಕೋಡು ಸಿಗಬಾರದು ಅಂತ, ಪೂರ್ತಿ ಬಿಗಿಯೋಕೆ ಮುಂಚೆ ಬಿಡುವಾಗಿದ್ದ ಒಂದು ಕೈಯಲ್ಲೇ ಫೋನು ಒಡೆದ್ಹಾಕಿದ್ದೂ ಅವರೇ.”

“ಹಾಗಾದ್ರೆ ಆ ಹೆಂಗಸು?”

“ಮನೆ ಬಿಟ್ಟು ಓಡಿಹೋದ ಸೊಸೆನ ಎಲ್ಲಿಟ್ಟಿದೀರ ಅಂತ ಕೇಳಿ ಕೇಳಿ ಹೊಡೆದಳಂತೆ.”