ತಾತನ ಕನ್ನಡಕದ ಕಿಡಿ

ಬೀಡಿ ಹೊಗೆಯ ವಾಸನೆ ಬಂದರೆ ಇವತ್ತಿಗೂ ನನಗೆ ಬೀಡಿ ಸೇದದ ಅಜ್ಜಿಯೇ ನೆನಪಾಗುತ್ತಾಳೆ.

ಮಳವಳ್ಳಿಯ ಟೆಂಟಿನಲ್ಲಿ ನೋಡಿದ ಸಿನಿಮಾದಲ್ಲಿ, ಕಾಡಿನಲ್ಲಿ ದಾರಿ ತಪ್ಪಿದವನೊಬ್ಬ ಕನ್ನಡಕದಿಂದಲೇ ಬೆಂಕಿ ಹೊತ್ತಿಸಿದ್ದ. ಎಲ್ಲರೂ ಗದ್ದೆಗೆ ಹೋಗಿದ್ದ ಮಧ್ಯಾಹ್ನ, ತೀರಿಕೊಂಡ ತಾತನ ದಪ್ಪ ಕನ್ನಡಕ ತಂದು ಅಂಗಳದಲ್ಲಿ ಒಣಗಿದ ಕಬ್ಬಿನ ಸೋಗೆಯ ಮೇಲೆ ಹಿಡಿದೆ. ಸಿನಿಮಾದವನಂತೆಯೇ ಹಿಡಿದರೂ ಹೊತ್ತಲಿಲ್ಲ.

ಅಜ್ಜಿ ಬಂದವಳು ಬೈಯಲಿಲ್ಲ, ಪಕ್ಕದಲ್ಲಿ ಕೂತಳು. "ಅಷ್ಟು ಅತ್ರ ಬ್ಯಾಡ ಮಗ. ಬಿಸ್ಲು ಸಾಸ್ವೆ ಕಾಳಷ್ಟು ಆಗೋಗಂಟ ಮೇಲಕ್ಕೆತ್ತು. ನಿಮ್ ತಾತ ಬೀಡಿ ಅಂಗೇ ಅಚ್ಕೋತಿದ್ದದ್ದು."

ಎತ್ತಿದೆ. ಬೆಳಕು ಚುಕ್ಕಿಯಾಗಿ, ಸೋಗೆಯಿಂದ ಹೊಗೆ ಎದ್ದಿತು.

ಅಜ್ಜಿ ಎಲೆಯಡಿಕೆ ಚೀಲದಿಂದ ತಾತನ ಹಳೆಯ ಬೀಡಿಯೊಂದನ್ನು ತೆಗೆದು ಆ ಚುಕ್ಕಿಗೆ ಹಿಡಿದಳು. ಕಿಡಿ ಕಂಡೊಡನೆ ಒಮ್ಮೆ ಎಳೆದು, ಕೆಮ್ಮಿ, ತಾತ ಒರಗುತ್ತಿದ್ದ ಕಂಬದ ಬುಡದಲ್ಲಿಟ್ಟಳು. ಸೇದುವವರಿಲ್ಲದೆ ಅದು ಬೇಗ ಆರಿತು.

"ಇನ್ನೊಂದ್ಸಲ ಕನ್ನಡಕ ಎತ್ತು ಮಗ," ಅಂದಳು.